ಮುನಿಸಿನ ಒಡಲಲ್ಲಿರುವ ಮಾತು

ಸುಗ್ಗಿಯ ದಿನಗಳಲ್ಲಿ ಹೊಸರಿತ್ತಿಯ ಸುತ್ತಿನ ಹೊಲಗಳಿಂದ ಮೆಣಸಿನಕಾಯಿ ಚೀಲಗಳು ಬ್ಯಾಡಗಿಯ ಮಾರುಕಟ್ಟೆಗೆ ಹೊರಡುತ್ತವೆ. ನಸುಕಿನಲ್ಲಿ ಮನೆ ಬಿಟ್ಟ ಯಜಮಾನ ಮರಳುವುದು ದೀಪ ಹಚ್ಚಿ ಎಷ್ಟೋ ಹೊತ್ತಾದ ಮೇಲೆ. ಪಡಸಾಲೆಗೆ ಕಾಲಿಡುವ ಮೊದಲೇ ಅಡುಗೆಮನೆಯಿಂದ ಮಾತೊಂದು ಬರುತ್ತದೆ: “ಪ್ಯಾಟಿಗೆ ಹೋದ್ರ ಮನಿ ನೆನಪ ಆಗೂದಿಲ್ಲೇನ್ರಿ ನಿಮಗ?” ಅವನು ಉತ್ತರಿಸುವುದಿಲ್ಲ. ಉತ್ತರಿಸಿದರೂ ಒಂದೇ ಮಾತು: “ಬಂದ ಕೂಡ್ಲೆ ಶುರು ಆತು ನಿಂದು.” ಊಟದ ತಾಟು ಸಪ್ಪಳದೊಡನೆ ನೆಲಕ್ಕಿಳಿಯುತ್ತದೆ. ಅವನು ಅರ್ಧ ರೊಟ್ಟಿ ಬಿಟ್ಟು ಕೈತೊಳೆದು, ಹೊರಗಿನ ಕಟ್ಟೆಗೆ ಹೋಗಿ ಕೂಡುತ್ತಾನೆ. ಅತ್ತೆಯವರು ನಿಟ್ಟುಸಿರಿಡುತ್ತಾರೆ. ಮಕ್ಕಳು ಪುಸ್ತಕದ ಮರೆಯಲ್ಲಿ ಮುಖ ಅಡಗಿಸುತ್ತವೆ.

ಇದು ಯಾವುದೋ ಒಂದು ಮನೆಯ ಕಥೆಯಲ್ಲ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯ ಅನೇಕ ಮನೆಗಳಲ್ಲಿ ಒಂದಿಲ್ಲೊಂದು ರೂಪದಲ್ಲಿ ನಡೆಯುವುದನ್ನು ಕೂಡಿಸಿ ಬರೆದ ಚಿತ್ರವಿದು. ಒಬ್ಬರು ಮಾತಿನಿಂದ ಚುಚ್ಚುತ್ತಾರೆ. ಇನ್ನೊಬ್ಬರು ಮೌನದಿಂದ ಬಾಗಿಲು ಹಾಕಿಕೊಳ್ಳುತ್ತಾರೆ. ಹೊಡೆದಾಟವಿಲ್ಲ, ಬೀದಿರಂಪವಿಲ್ಲ, ಆದ್ದರಿಂದ ನೆರೆಹೊರೆಯವರ ಕಣ್ಣಿಗೆ ಅದೊಂದು ಸುಖೀ ಸಂಸಾರ. ಒಳಗೆ ಮಾತ್ರ ಹತ್ತು ವರ್ಷ, ಇಪ್ಪತ್ತು ವರ್ಷ ಹೀಗೆಯೇ ಉರುಳಿ, ಒಂದೇ ಸೂರಿನಡಿ ಇಬ್ಬರು ಅಪರಿಚಿತರಾಗಿ ಮುಪ್ಪಾಗುವವರುಂಟು.

2024ರ ಮಾರ್ಚ್ ತಿಂಗಳಲ್ಲಿ ಮೆಣಸಿನಕಾಯಿ ಬೆಲೆ ಕುಸಿದಾಗ ಬ್ಯಾಡಗಿಯ ಮಾರುಕಟ್ಟೆಯಲ್ಲಿ ಸಿಟ್ಟು ಭುಗಿಲೆದ್ದು ವಾಹನಗಳಿಗೆ ಬೆಂಕಿ ಬಿದ್ದುದನ್ನು ನಾಡೆಲ್ಲ ಕಂಡಿತು. ಬೆಂಕಿಯಿಟ್ಟದ್ದು ಸರಿಯೆಂದು ಯಾರೂ ಹೇಳಲಾರರು. ಆದರೆ ಆ ಸಿಟ್ಟಿನ ಕೆಳಗೆ ಸಾಲದ ಭಯವಿತ್ತು, ವರುಷದ ದುಡಿಮೆ ನೀರುಪಾಲಾಯಿತೆಂಬ ಸಂಕಟವಿತ್ತು ಎಂಬುದನ್ನು ನಮ್ಮ ಸೀಮೆಯವರಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ಮಾರುಕಟ್ಟೆಯ ಸಿಟ್ಟಿನ ಅಡಿಯಲ್ಲಿ ಭಯವಿದೆಯೆಂದು ಒಪ್ಪುವ ನಾವು, ಮನೆಯೊಳಗಿನ ಸಿಟ್ಟಿನ ಅಡಿಯಲ್ಲಿಯೂ ಭಯವಿರಬಹುದೆಂದು ಮಾತ್ರ ಎಣಿಸುವುದಿಲ್ಲ. ಅಲ್ಲಿ ಸಿಟ್ಟನ್ನು ಸ್ವಭಾವವೆಂದು ಕರೆದುಬಿಡುತ್ತೇವೆ. “ಅಕೀದು ಬಾಯಿ ಜೋರು” ಎನ್ನುತ್ತೇವೆ. “ಅವಂಗ ಹೆಂಡ್ತಿ ಮಕ್ಕಳ ಮ್ಯಾಲ ಲಕ್ಷ್ಯನ ಇಲ್ಲ” ಎನ್ನುತ್ತೇವೆ. ಅಲ್ಲಿಗೆ ವಿಚಾರ ಮುಗಿಯುತ್ತದೆ. ವ್ಯಾಧಿ ಮಾತ್ರ ಉಳಿಯುತ್ತದೆ.

ಈ ವ್ಯಾಧಿಯನ್ನು ಬೇರೊಂದು ಕಣ್ಣಿನಿಂದ ನೋಡುವ ಚಿಕಿತ್ಸಾಕ್ರಮವೊಂದು ಕಳೆದ ನಾಲ್ಕು ದಶಕಗಳಲ್ಲಿ ಜಗತ್ತಿನ ಹಲವು ದೇಶಗಳಲ್ಲಿ ಬೆಳೆದು ನಿಂತಿದೆ. ಅದನ್ನು ಭಾವಕೇಂದ್ರಿತ ದಂಪತಿ ಚಿಕಿತ್ಸೆ ಎಂದು ಕನ್ನಡದಲ್ಲಿ ಕರೆಯಬಹುದು. ಚಿಕಿತ್ಸೆ ಎಂದೊಡನೆ ಗುಳಿಗೆ, ಸೂಜಿ ಎಂದು ಅಂಜಬೇಕಾಗಿಲ್ಲ. ಇಲ್ಲಿ ಮಾತೇ ಮದ್ದು. ಆದರೆ ಅದು ನಾವು ದಿನವೂ ಆಡುವ ಮಾತಲ್ಲ. ಆಡದೆ ಉಳಿಸಿಕೊಂಡ ಮಾತು.

ನ್ಯಾಯ ಹೇಳುವ ಹಿರಿಯರು

ಗಂಡ ಹೆಂಡಿರ ನಡುವೆ ಬಿರುಕು ಬಿಟ್ಟಾಗ ನಮ್ಮಲ್ಲಿ ಹಿರಿಯರು ಕೂಡುವುದು ವಾಡಿಕೆ. ಸೋದರಮಾವ, ದೊಡ್ಡಪ್ಪ, ಊರಿನ ಗೌಡರು, ಕೆಲವೊಮ್ಮೆ ಮಠದ ಸ್ವಾಮಿಗಳು ಸಹ ಕರೆಯಿಸಿ ಬುದ್ಧಿ ಹೇಳುವುದುಂಟು. ಈ ಪದ್ಧತಿಯನ್ನು ಹಗುರವಾಗಿ ಕಾಣಲಾಗದು. ಎಷ್ಟೋ ಮನೆಗಳು ಒಡೆಯದೆ ನಿಂತಿರುವುದು ಹಿರಿಯರ ಒಳ್ಳೆಯ ಮನಸ್ಸಿನಿಂದ. ಕೋರ್ಟು ಕಚೇರಿಯ ಮೆಟ್ಟಿಲು ಹತ್ತುವ ಮುನ್ನ ಕೂತು ಮಾತಾಡುವುದು ಯಾವಾಗಲೂ ಲೇಸು. ಕೌಟುಂಬಿಕ ನ್ಯಾಯಾಲಯಗಳಿಗಾಗಿ 1984ರಲ್ಲಿ ಬಂದ ಕಾಯಿದೆ ಸಹ ಮೊದಲು ರಾಜಿಗೆ ಪ್ರಯತ್ನಿಸಬೇಕೆಂದೇ ವಿಧಿಸುತ್ತದೆ.

ಆದರೆ ಹಿರಿಯರ ಕೂಟದಲ್ಲಿ ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ತಪ್ಪು ಯಾರದು? ಆ ಪ್ರಶ್ನೆ ಹೊಲದ ಬದುವಿನ ವ್ಯಾಜ್ಯಕ್ಕೆ ಸರಿ, ಸಾಲದ ಪತ್ರಕ್ಕೆ ಸರಿ. ದಾಂಪತ್ಯಕ್ಕೆ ಅದನ್ನು ಹಚ್ಚಿದಾಗ, ಒಬ್ಬರು ಗೆದ್ದು ಇನ್ನೊಬ್ಬರು ಸೋತು ಮನೆಗೆ ಮರಳುತ್ತಾರೆ. ಸೋತವರೊಡನೆ ಗೆದ್ದವರು ಅದೇ ರಾತ್ರಿ ಒಂದೇ ಮನೆಯಲ್ಲಿ ಉಣ್ಣಬೇಕು. ಇನ್ನು “ಹೊಂದಿಕೊಂಡು ಹೋಗ್ರಿ” ಎಂಬ ಉಪದೇಶ. ಹೇಗೆ ಹೊಂದಿಕೊಳ್ಳಬೇಕೆಂಬುದನ್ನು ಯಾರೂ ಹೇಳಿಕೊಡುವುದಿಲ್ಲ. ಬಹುಮಟ್ಟಿಗೆ ಆ ಮಾತಿನ ಅರ್ಥ, ನೋವನ್ನು ನುಂಗಿಕೋ ಎಂಬುದೇ ಆಗಿರುತ್ತದೆ. ಮತ್ತು ಆ ಮಾತು ಹೆಚ್ಚಾಗಿ ಸೊಸೆಯ ಪಾಲಿಗೇ ಬರುತ್ತದೆ. ನುಂಗಿದ ನೋವು ಕರಗುವುದಿಲ್ಲ. ತಲೆನೋವಾಗಿ, ನಿದ್ದೆಗೇಡಾಗಿ, ಮಕ್ಕಳ ಮೇಲಿನ ಸಿಡಿಮಿಡಿಯಾಗಿ ಬೇರೆ ದಾರಿಯಲ್ಲಿ ಹೊರಬೀಳುತ್ತದೆ.

ಚಿಕಿತ್ಸೆಯ ಹುಟ್ಟು

ಕೆನಡಾ ದೇಶದ ವ್ಯಾಂಕೋವರ್ ನಗರದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ 1980ರ ದಶಕದ ಆರಂಭದಲ್ಲಿ ಲೆಸ್ಲಿ ಗ್ರೀನ್‌ಬರ್ಗ್ ಎಂಬ ಪ್ರಾಧ್ಯಾಪಕರೂ ಅವರ ಶಿಷ್ಯೆ ಸೂ ಜಾನ್ಸನ್ ಅವರೂ ಈ ಪದ್ಧತಿಯನ್ನು ರೂಪಿಸಿದರು. ಸೂ ಜಾನ್ಸನ್ ಇಂಗ್ಲೆಂಡಿನಲ್ಲಿ 1947ರಲ್ಲಿ ಹುಟ್ಟಿದವರು. ತಂದೆ ನಡೆಸುತ್ತಿದ್ದ ಪಾನಗೃಹದಲ್ಲಿ ಜನರ ನಗು, ಅಳು, ಜಗಳಗಳನ್ನು ಕಾಣುತ್ತ ಬೆಳೆದವರು; ಒಬ್ಬರನ್ನೊಬ್ಬರು ಪ್ರೀತಿಸುತ್ತಿದ್ದ ತಂದೆತಾಯಿಯರ ದಾಂಪತ್ಯವೇ ಕಣ್ಣೆದುರಿಗೆ ಮುರಿದುದನ್ನು ಕಂಡವರು. ಪ್ರೀತಿಯಿದ್ದೂ ಮನೆ ಏಕೆ ಮುರಿಯುತ್ತದೆ ಎಂಬ ಪ್ರಶ್ನೆ ಅವರನ್ನು ಜೀವನಪರ್ಯಂತ ಬಿಡಲಿಲ್ಲ. ಅವರು 2024ರ ಏಪ್ರಿಲ್ ತಿಂಗಳಲ್ಲಿ ತೀರಿಕೊಂಡರು.

ಆ ಕಾಲದಲ್ಲಿ ದಂಪತಿಗಳಿಗೆ ಕೊಡುತ್ತಿದ್ದ ಸಲಹೆ ಒಂದು ಬಗೆಯ ಕರಾರಿನಂತಿತ್ತು. ನೀನು ಇದನ್ನು ಮಾಡು, ಅವಳು ಅದನ್ನು ಮಾಡಲಿ. ಹೀಗೆ ಮಾತಾಡು, ಹೀಗೆ ಮಾತಾಡಬೇಡ ಎಂದು ಕಲಿಸುತ್ತಿದ್ದರು. ಕಲಿಯುವಾಗ ಎಲ್ಲರೂ ಜಾಣರೇ. ಮನೆಗೆ ಮರಳಿ ಸಿಟ್ಟು ನೆತ್ತಿಗೇರಿದಾಗ ಕಲಿತದ್ದು ನೆನಪಾಗುತ್ತಿರಲಿಲ್ಲ. ಜಾನ್ಸನ್ ಅವರು ಸಲಹಾಕೊಠಡಿಯಲ್ಲಿ ದಂಪತಿಗಳ ಮಾತುಕತೆಯನ್ನು ಧ್ವನಿಚಿತ್ರದಲ್ಲಿ ಹಿಡಿದಿಟ್ಟು ಗಂಟೆಗಟ್ಟಲೆ ಮತ್ತೆ ಮತ್ತೆ ನೋಡಿದರು. ಜಗಳದ ವಿಷಯ ಹಣವಿರಲಿ, ಬೀಗರಿರಲಿ, ಮಕ್ಕಳ ಓದಿರಲಿ, ಜಗಳದ ನಡೆ ಮಾತ್ರ ಎಲ್ಲೆಡೆ ಒಂದೇ ತೆರನಾಗಿತ್ತು. ಒಳಗಿನ ನೋವನ್ನು ಒಬ್ಬರು ಮೆತ್ತಗೆ ಹೊರಹಾಕಿ, ಇನ್ನೊಬ್ಬರು ಅದನ್ನು ಕೇಳಿಸಿಕೊಂಡ ಗಳಿಗೆಯಲ್ಲಿಯೇ ಇಬ್ಬರ ಮುಖಚರ್ಯೆಯೂ ಬದಲಾಗುತ್ತಿತ್ತು. ಹಳೆಯ ಕ್ರಮವನ್ನೂ ಹೊಸ ಕ್ರಮವನ್ನೂ ಹೋಲಿಸಿ ನಡೆಸಿದ ಅವರ ಮೊದಲ ಅಧ್ಯಯನ 1985ರಲ್ಲಿ ಪ್ರಕಟವಾಯಿತು. ಫಲ ಹೊಸ ಕ್ರಮದ ಕಡೆಗಿತ್ತು.

ಸೆರಗು ಹಿಡಿದ ಕೂಸು

ಹೊಸ ಕ್ರಮ ಏಕೆ ಫಲಿಸಿತು ಎಂಬುದಕ್ಕೆ ಉತ್ತರ ದೊರೆತದ್ದು ಮಕ್ಕಳ ಅಧ್ಯಯನದಿಂದ. ಎರಡನೆಯ ಮಹಾಯುದ್ಧದ ತರುವಾಯ ಮನೆಮಠ ಕಳೆದುಕೊಂಡ ಮಕ್ಕಳ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆಗೆ ಜಾನ್ ಬೌಲ್ಬಿ ಎಂಬ ಇಂಗ್ಲಿಷ್ ಮನೋವೈದ್ಯರು 1951ರಲ್ಲಿ ವರದಿಯೊಂದನ್ನು ಬರೆದುಕೊಟ್ಟರು. ಅನ್ನ, ಬಟ್ಟೆ, ಔಷಧ ಎಲ್ಲವೂ ಇದ್ದರೂ ತನ್ನವರೆಂಬ ಒಬ್ಬರ ಆಸರೆಯಿಲ್ಲದೆ ಕೂಸು ಸೊರಗುತ್ತದೆ ಎಂಬುದು ಅದರ ತಿರುಳು. ತಾಯಿಯಿಂದ ಅಗಲಿದ ಕೂಸು ಮೊದಲು ರಚ್ಚೆ ಹಿಡಿದು ಅಳುತ್ತದೆ. ತಾಯಿ ಬಾರದಿದ್ದರೆ ಮಂಕಾಗುತ್ತದೆ. ಕೊನೆಗೆ ತಾಯಿ ಬಂದರೂ ಮುಖ ತಿರುಗಿಸುತ್ತದೆ. ಆ ಮೂರನೆಯ ಅವಸ್ಥೆಯನ್ನು ಕಂಡು “ಕೂಸು ಶಾಂತವಾಯಿತು” ಎಂದುಕೊಳ್ಳುವವರು ಮೋಸಹೋಗುತ್ತಾರೆ. ಅದು ಶಾಂತಿಯಲ್ಲ, ಆಸೆ ಬಿಟ್ಟದ್ದು.

ಈ ಬಾಂಧವ್ಯದ ಹಂಬಲ ಕೂಸುತನದೊಡನೆ ಮುಗಿಯುವುದಿಲ್ಲ, ಗಂಡ ಹೆಂಡಿರ ಪ್ರೀತಿಯಲ್ಲಿಯೂ ಅದೇ ಎಳೆಯಿದೆ ಎಂಬುದನ್ನು 1987ರಲ್ಲಿ ಹೇಜನ್ ಮತ್ತು ಶೇವರ್ ಎಂಬ ಅಮೆರಿಕದ ಸಂಶೋಧಕರು ತೋರಿಸಿದರು. ಬೆಳೆದ ಮನುಷ್ಯನಿಗೂ ಜಗತ್ತಿನಲ್ಲಿ ಒಬ್ಬರಾದರೂ ಬೇಕು. ತಾನು ಕರೆದರೆ ಓಗೊಡುವವರು, ಬಿದ್ದರೆ ಎತ್ತುವವರು. ಆ ಒಬ್ಬರು ತನಗಿದ್ದಾರೆಯೋ ಇಲ್ಲವೋ ಎಂಬ ಸಂಶಯ ಬಂದೊಡನೆ ಮನಸ್ಸು ಕೂಸಿನಂತೆಯೇ ಬೆದರುತ್ತದೆ. ರಚ್ಚೆ ಹಿಡಿಯುವ ಕೂಸಿನಂತೆ ಒಬ್ಬರು ಕೂಗಾಡುತ್ತಾರೆ. ಮುಖ ತಿರುಗಿಸುವ ಕೂಸಿನಂತೆ ಇನ್ನೊಬ್ಬರು ಸುಮ್ಮನಾಗುತ್ತಾರೆ. ಇಬ್ಬರ ಪ್ರಶ್ನೆಯೂ ಒಂದೇ: “ನಿನಗೆ ನಾನು ಬೇಕೋ, ಬೇಡವೋ?” ಬಾಯಿಂದ ಬರುವುದು ಮಾತ್ರ ತಡವಾದದ್ದರ ಮಾತು, ಉಪ್ಪು ಹೆಚ್ಚಾದದ್ದರ ಮಾತು, ತವರಿನವರ ಮಾತು.

ಇಬ್ಬರೂ ತಿರುಗಿಸುವ ಬೀಸುಕಲ್ಲು

ಮೊದಲಿನ ಚಿತ್ರಕ್ಕೆ ಮರಳೋಣ. ಹೆಂಡತಿ ಗೊಣಗಿದಷ್ಟೂ ಗಂಡ ದೂರ ಸರಿಯುತ್ತಾನೆ. ಗಂಡ ದೂರ ಸರಿದಷ್ಟೂ ಹೆಂಡತಿಯ ದನಿ ಏರುತ್ತದೆ. ಅವನನ್ನು ಕೇಳಿದರೆ, “ಅಕಿ ಒದರೂದು ಬಿಟ್ರ ನಾ ಮಾತಾಡ್ತೀನಿ” ಎನ್ನುತ್ತಾನೆ. ಅವಳನ್ನು ಕೇಳಿದರೆ, “ಅವ್ರು ಮಾತಾಡಿದ್ರ ನಾ ಯಾಕ ಒದರ್ಲಿ?” ಎನ್ನುತ್ತಾಳೆ. ಎರಡೂ ನಿಜ, ಎರಡೂ ಅರ್ಧ ನಿಜ. ಇಬ್ಬರು ಎದುರುಬದುರಾಗಿ ಕುಳಿತು ಬೀಸುವ ಕಲ್ಲಿನಂತೆ ಇದು. ಗೂಟಕ್ಕೆ ಇಬ್ಬರ ಕೈಯೂ ಹತ್ತಿರುತ್ತದೆ. ಯಾರು ಮೊದಲು ತಿರುಗಿಸಿದರೆಂದು ಕೇಳಿ ಫಲವಿಲ್ಲ. ಕಲ್ಲು ತಿರುಗುತ್ತಲೇ ಇದೆ, ನಡುವೆ ಸಿಕ್ಕಿದ ಕಾಳು ನುಚ್ಚಾಗುತ್ತಲೇ ಇದೆ. ಆ ಕಾಳು ಅವರ ಒಲವು, ಅವರ ಮಕ್ಕಳ ನೆಮ್ಮದಿ.

ಈ ಚಿಕಿತ್ಸೆಯ ಮುಖ್ಯ ತಿಳಿವಳಿಕೆ ಇದೇ. ವೈರಿ ಗಂಡನಲ್ಲ, ಹೆಂಡತಿಯೂ ಅಲ್ಲ. ಇಬ್ಬರನ್ನೂ ಹಿಡಿದು ತಿರುಗಿಸುತ್ತಿರುವ ಈ ಸುತ್ತೇ ವೈರಿ. ಬೆನ್ನು ಹತ್ತುವವರು, ಹಿಂದೆ ಸರಿಯುವವರು ಎಂಬ ಈ ಜೋಡಿಯಲ್ಲಿ ಹಿಂದೆ ಸರಿಯುವವರು ಬಹಳ ಸಲ ಗಂಡಸರೇ, ಆದರೆ ಯಾವಾಗಲೂ ಅಲ್ಲ. ಸುಮ್ಮನಿರುವವರಿಗೆ ಏನೂ ಅನಿಸುವುದಿಲ್ಲವೆಂದು ತಿಳಿಯುವುದು ದೊಡ್ಡ ತಪ್ಪು. ಅಮೆರಿಕದ ಜಾನ್ ಗಾಟ್‌ಮನ್ ಮತ್ತು ರಾಬರ್ಟ್ ಲೆವೆನ್‌ಸನ್ ಅವರು ಜಗಳವಾಡುವ ದಂಪತಿಗಳ ನಾಡಿ, ಬೆವರು, ಎದೆಬಡಿತಗಳನ್ನು ಅಳೆದು ನೋಡಿದವರು. ಹೊರಗೆ ಕಲ್ಲಿನಂತೆ ಕುಳಿತವರ ಎದೆ ಒಳಗೆ ಓಡುವವನ ಎದೆಯಂತೆ ಬಡಿಯುತ್ತಿರಬಹುದೆಂದು ಅವರ ಅಳತೆಗಳು ತೋರಿಸಿದವು. ಕಟ್ಟೆಯ ಮೇಲೆ ಸುಮ್ಮನೆ ಕುಳಿತ ಯಜಮಾನ ತಣ್ಣಗಿದ್ದಾನೆಂದು ಅಡುಗೆಮನೆಯಲ್ಲಿರುವವಳು ಭಾವಿಸುತ್ತಾಳೆ. ಅವನು ಸುಡುತ್ತಿರುತ್ತಾನೆ.

ಚಿಕಿತ್ಸೆ ನಡೆಯುವ ಬಗೆ

ಸಾಮಾನ್ಯವಾಗಿ 8ರಿಂದ 20 ಭೇಟಿಗಳಲ್ಲಿ ಈ ಚಿಕಿತ್ಸೆ ನಡೆಯುತ್ತದೆ. ಗಂಡ ಹೆಂಡತಿ ಇಬ್ಬರೂ ಕೂಡಿಯೇ ಬರಬೇಕು. ಆರಂಭದಲ್ಲಿ ಒಂದು ಸಲ ಇಬ್ಬರನ್ನೂ ಬೇರೆ ಬೇರೆಯಾಗಿ ಮಾತಾಡಿಸುವುದುಂಟು; ಎದುರಿಗೆ ಹೇಳಲಾಗದ ಭಯ, ಪೆಟ್ಟು, ಬೆದರಿಕೆಗಳೇನಾದರೂ ಇವೆಯೋ ಎಂದು ತಿಳಿಯಲು ಅದು ಅಗತ್ಯ. ಬಳಿಕ ಚಿಕಿತ್ಸೆ ಮೂರು ಹಂತಗಳಲ್ಲಿ ಸಾಗುತ್ತದೆ.

ಮೊದಲನೆಯ ಹಂತ ಉರಿ ತಗ್ಗಿಸುವುದು. ಚಿಕಿತ್ಸಕರು ತೀರ್ಪು ಕೊಡುವುದಿಲ್ಲ. ಮೊನ್ನೆಯ ಜಗಳವನ್ನು ನಿಧಾನವಾಗಿ ಬಿಡಿಸುತ್ತಾರೆ. ಅವರು ಬಾಗಿಲಿಗೆ ಬಂದಾಗ ನಿಮಗೇನನಿಸಿತು? ಆ ಮಾತು ಕೇಳಿದೊಡನೆ ನಿಮ್ಮ ಮೈಯಲ್ಲಿ ಏನಾಯಿತು? ಆಗ ನೀವೇನು ಮಾಡಿದಿರಿ? ಅದನ್ನು ಕಂಡು ಇವರೇನು ಮಾಡಿದರು? ಹೀಗೆ ಕೇಳುತ್ತ ಹೋದಂತೆ, ತಾವಿಬ್ಬರೂ ಕೂಡಿಯೇ ತಿರುಗಿಸುತ್ತಿರುವ ಕಲ್ಲು ಇಬ್ಬರ ಕಣ್ಣಿಗೂ ಬೀಳುತ್ತದೆ. “ನೀನು ಕೆಟ್ಟವಳು”, “ನೀವು ಕಲ್ಲೆದೆಯವರು” ಎಂಬ ಮಾತಿನ ಜಾಗದಲ್ಲಿ “ಮತ್ತೆ ಅದರಾಗ ಸಿಕ್ಕೊಂಡ್ವಿ ನೋಡ್ರಿ” ಎಂಬ ಮಾತು ಬರುತ್ತದೆ. ಇದೇ ಅರ್ಧ ಗೆಲುವು.

ಎರಡನೆಯ ಹಂತ ಕಠಿಣವಾದದ್ದು. ಸಿಟ್ಟಿನ ಕೆಳಗಿರುವ ಭಾವವನ್ನು ಕೈಹಿಡಿದು ಮೇಲೆ ತರಬೇಕು. ಸಾಮಾನ್ಯವಾಗಿ ಹಿಂದೆ ಸರಿಯುವವರನ್ನೇ ಮೊದಲು ಮುಂದೆ ಕರೆತರುತ್ತಾರೆ. ನಮ್ಮ ಚಿತ್ರದ ಯಜಮಾನ ಅಲ್ಲಿ ಕುಳಿತಿದ್ದಾನೆನ್ನಿ. ಬಹಳ ಹೊತ್ತು ನೆಲ ನೋಡಿ, ಆಮೇಲೆ ಹೇಳುತ್ತಾನೆ: “ಮಾಲಿಗೆ ರೇಟ್ ಬರ್ಲಿಲ್ಲ ಅಂತ ಹ್ಯಾಂಗ ಹೇಳ್ಲಿ ಅಕಿಗೆ? ಬಾಗಲದಾಗ ಕಾಲಿಟ್ರ, ಇವತ್ತೂ ಸೋತು ಬಂದೆ ಅನಸ್ತೈತಿ. ಅಕಿ ಒಂದು ಮಾತಂದ್ರ, ಸೋತಿದ್ದು ಖರೆ ಅಂತ ಮುದ್ರಿ ಬಿದ್ದಂಗ ಆಕ್ಕೈತಿ. ಸುಮ್ಮನ ಕುಂದ್ರೂದ ಪಾಡು ಅಂತ ಹೋಗಿ ಕುಂದರ್ತೀನಿ.” ಹೆಂಡತಿ ಇದನ್ನು ಹಿಂದೆಂದೂ ಕೇಳಿರುವುದಿಲ್ಲ. ಇದುವರೆಗೆ ತನ್ನ ಮೇಲಿನ ತಾತ್ಸಾರವೆಂದು ತಿಳಿದದ್ದು ನಾಚಿಕೆಯಾಗಿತ್ತು, ಸೋಲಿನ ಅಳಲಾಗಿತ್ತು. ಆಗ ಅವಳ ದನಿಯೂ ಇಳಿಯುತ್ತದೆ: “ಹೊತ್ತಾದ್ರ ಗಾಡಿ ಏನಾತೋ ಅಂತ ನನ್ನ ಜೀವಾ ಹಾರತೈತ್ರಿ. ನೀವು ಬಂದು ಮಾತಾಡದ ಕಟ್ಟಿಗೆ ಹೋದ್ರ, ಈ ಮನ್ಯಾಗ ನಾ ಯಾರು ಅನಸ್ತೈತಿ. ರೇಟ್ ಬರದಿದ್ರ ಬ್ಯಾಡ್ರಿ, ಬಂದು ನನ್ನ ಬಾಜೂಕ ಕುಂದರ್ರಿ.”

ಇಷ್ಟು ಮಾತು ಹೊರಬರಲು ವಾರಗಳು ಹಿಡಿಯಬಹುದು. ಸಂಕೋಚದಿಂದ ಅರ್ಧಕ್ಕೇ ನಿಲ್ಲಬಹುದು. ಚಿಕಿತ್ಸಕರ ಕುಶಲತೆಯೆಲ್ಲ ಇರುವುದು ಈ ಗಳಿಗೆಯನ್ನು ಕಾಯುವುದರಲ್ಲಿ, ಆಡಿದ ಮಾತು ಇನ್ನೊಬ್ಬರ ಎದೆಗೆ ಮುಟ್ಟುವಂತೆ ನೋಡಿಕೊಳ್ಳುವುದರಲ್ಲಿ. ಹಣದ ಬಗ್ಗೆ ಇಲ್ಲಿಯವರೆಗೂ ಯಾವ ತೀರ್ಮಾನವೂ ಆಗಿಲ್ಲ, ತಡವಾಗುವುದರ ಬಗ್ಗೆ ಯಾವ ಕರಾರೂ ಆಗಿಲ್ಲವೆಂಬುದನ್ನು ಗಮನಿಸಬೇಕು. ಮೂರನೆಯ ಹಂತದಲ್ಲಿ ಆ ಹಳೆಯ ತೊಡಕುಗಳನ್ನು ಕೈಗೆತ್ತಿಕೊಳ್ಳುತ್ತಾರೆ. ಸಾಲ ತೀರಿಸುವ ಬಗೆ, ಅತ್ತೆಯವರ ಔಷಧದ ಖರ್ಚು, ತವರಿಗೆ ಹೋಗಿಬರುವ ಮಾತು ಎಲ್ಲವೂ ಈಗ ಬರುತ್ತವೆ. ಆಶ್ಚರ್ಯವೆಂದರೆ, ವರ್ಷಗಟ್ಟಲೆ ಬಗೆಹರಿಯದ ಲೆಕ್ಕ, ಮನಸ್ಸು ಒಂದಾದ ಮೇಲೆ ಒಂದು ಸಂಜೆಯಲ್ಲಿ ಬಗೆಹರಿಯುವುದುಂಟು. ಬಗೆಹರಿಯದಿದ್ದರೂ, ಇಬ್ಬರೂ ಒಂದೇ ಕಡೆ ನಿಂತು ಅದನ್ನು ಎದುರಿಸುತ್ತಾರೆ.

ಫಲವೆಷ್ಟು?

ಇದೆಲ್ಲ ಬರಿಯ ಹಿತವಚನವೋ, ಪರೀಕ್ಷೆಗೆ ನಿಂತದ್ದೋ ಎಂದು ಕೇಳುವುದು ನ್ಯಾಯವೇ. ಆವರೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿ 1999ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ, ಈ ಚಿಕಿತ್ಸೆ ಪಡೆದ ದಂಪತಿಗಳಲ್ಲಿ ನೂರಕ್ಕೆ 70ರಿಂದ 73 ಜೋಡಿಗಳು ದಾಂಪತ್ಯದ ಸಂಕಟದಿಂದ ಹೊರಬಂದವು. ದೀರ್ಘಕಾಲದ ಕಾಯಿಲೆಯಿಂದ ನರಳುವ ಮಕ್ಕಳ ತಂದೆತಾಯಿಯರಿಗೆ ಇದನ್ನು ಕೊಟ್ಟು, ಎರಡು ವರ್ಷಗಳ ತರುವಾಯ ವಿಚಾರಿಸಿದಾಗಲೂ ಫಲ ಉಳಿದುಕೊಂಡಿತ್ತು. 2013ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಬಹಳ ಸ್ವಾರಸ್ಯವಾದದ್ದು. ಮುನಿಸಿಕೊಂಡ ದಾಂಪತ್ಯದ ಹೆಣ್ಣುಮಕ್ಕಳನ್ನು ಮೆದುಳಿನ ಚಿತ್ರ ತೆಗೆಯುವ ಯಂತ್ರದಲ್ಲಿ ಮಲಗಿಸಿ, ಕಾಲಿಗೆ ಸಣ್ಣ ವಿದ್ಯುತ್ ಆಘಾತ ಬರಬಹುದೆಂದು ಮುನ್ಸೂಚನೆ ಕೊಟ್ಟರು. ಗಂಡ ಕೈಹಿಡಿದು ನಿಂತಿದ್ದರೂ ಚಿಕಿತ್ಸೆಗೆ ಮುನ್ನ ಅವರ ಮೆದುಳಿನ ಭಯ ತಗ್ಗಲಿಲ್ಲ. ಚಿಕಿತ್ಸೆ ಮುಗಿದ ಮೇಲೆ ಅದೇ ಕೈ ಹಿಡಿದಾಗ ಭಯದ ಗುರುತು ಗಣನೀಯವಾಗಿ ಇಳಿದಿತ್ತು. ಕೈ ಅದೇ, ಗಂಡನೂ ಅವನೇ, ಬದಲಾದದ್ದು ನಂಬಿಕೆ.

ಆದರೂ ಇದನ್ನು ಸಂಜೀವಿನಿಯೆಂದು ಸಾರಬಾರದು. ನೂರರಲ್ಲಿ ಕಾಲುಭಾಗಕ್ಕಿಂತ ಹೆಚ್ಚಿನವರಿಗೆ ಪೂರ್ಣ ಗುಣ ಸಿಕ್ಕಿಲ್ಲವೆಂಬುದೂ ಅದೇ ಲೆಕ್ಕದಲ್ಲಿದೆ. ಅಧ್ಯಯನಗಳಲ್ಲಿ ಹೆಚ್ಚಿನವು ಉತ್ತರ ಅಮೆರಿಕದಲ್ಲಿ ನಡೆದವು. ಅಲ್ಲಿ ಮನೆಯೆಂದರೆ ಗಂಡ, ಹೆಂಡತಿ, ಮಕ್ಕಳು. ನಮ್ಮಲ್ಲಿ ಹಾಗಲ್ಲ.

ನಮ್ಮ ಮನೆಗಳಿಗೆ ಹೊಂದುವುದೇ?

ನಮ್ಮ ಮನೆಗಳಲ್ಲಿ ಗಂಡ ಹೆಂಡಿರ ಸುತ್ತಲೂ ಅತ್ತೆ, ಮಾವ, ಮೈದುನ, ನಾದಿನಿಯರಿದ್ದಾರೆ. ಎಲ್ಲರೂ ನೋಡುತ್ತಿರುವಾಗ ಹೆಂಡತಿಯ ಬಳಿ ಕೂತು ಮಾತಾಡಿದ ಮಗನನ್ನು “ಹೆಂಡ್ತಿ ಮಾತು ಕೇಳಾವ” ಎಂದು ಹಂಗಿಸುವುದು ನಗೆಮಾತಾಗಿ ಆರಂಭವಾಗುತ್ತದೆ, ಕಟ್ಟುಪಾಡಾಗಿ ನಿಲ್ಲುತ್ತದೆ. ಗಂಡು ಅಳಬಾರದು, ಅಂಜಬಾರದು, ಸೋಲನ್ನು ಒಪ್ಪಬಾರದು ಎಂದು ಚಿಕ್ಕಂದಿನಿಂದಲೇ ಕಲಿಸುತ್ತೇವೆ. ಆಮೇಲೆ ಅವನು ಹೆಂಡತಿಯೊಡನೆ ಮನಬಿಚ್ಚಿ ಮಾತಾಡುವುದಿಲ್ಲವೆಂದು ಕೊರಗುತ್ತೇವೆ. ಹೆಣ್ಣಿಗೆ ಸಹನೆಯೇ ಭೂಷಣವೆನ್ನುತ್ತೇವೆ. ತಡೆಯಲಾರದೆ ಅವಳು ದನಿಯೆತ್ತಿದಾಗ ಬಾಯಿ ಜೋರೆನ್ನುತ್ತೇವೆ. ಆದ್ದರಿಂದ ನಮ್ಮ ಸೀಮೆಯಲ್ಲಿ ಈ ಚಿಕಿತ್ಸೆ ಫಲಿಸಬೇಕಾದರೆ, ಇಬ್ಬರ ನಡುವಿನ ಸುತ್ತನ್ನಷ್ಟೇ ಅಲ್ಲ, ಅದಕ್ಕೆ ಮನೆಯವರು ಕೊಡುವ ಒತ್ತನ್ನೂ ಕಾಣಬೇಕಾಗುತ್ತದೆ.

ಕುಟುಂಬವನ್ನು ಹೊರಗಿಡದೆ ಜೊತೆಗೆ ಕರೆದೊಯ್ಯುವ ದಾರಿ ನಮ್ಮ ದೇಶದ ಮನೋವೈದ್ಯರಿಗೆ ಹೊಸದಲ್ಲ. ಅಮೃತಸರದ ಆಸ್ಪತ್ರೆಯಲ್ಲಿ 1950ರ ದಶಕದಲ್ಲಿಯೇ ಡಾ. ವಿದ್ಯಾಸಾಗರ್ ಅವರು ರೋಗಿಗಳೊಡನೆ ಮನೆಯವರನ್ನೂ ಇರಿಸಿಕೊಂಡು ಚಿಕಿತ್ಸೆ ಕೊಟ್ಟರು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಕುಟುಂಬ ಮತ್ತು ದಂಪತಿಗಳ ಸಮಸ್ಯೆಗಾಗಿಯೇ ಪ್ರತ್ಯೇಕ ಕೇಂದ್ರವಿದೆ.

ಹನ್ನೆರಡನೆಯ ಶತಮಾನದ ಶರಣರು ಈ ಚಿಕಿತ್ಸೆಯನ್ನು ಮೊದಲೇ ಹೇಳಿದ್ದರೆಂದು ಹಿಗ್ಗುವುದು ಬೇಡ. ಆದರೆ ದಂಪತಿಗಳಲ್ಲಿ ಮಾತಿಗೆ ಎಂತಹ ಸ್ಥಾನವಿತ್ತೆಂಬುದಕ್ಕೆ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನವರ ಕಥೆ ಎಲ್ಲರಿಗೂ ತಿಳಿದದ್ದು. ಮಾರಯ್ಯ ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿ ತಂದಾಗ, ಅದು ನಮಗೆ ಸಲ್ಲದು, ಮರಳಿ ಸುರಿದು ಬನ್ನಿ ಎಂದು ಹೇಳುವ ಧೈರ್ಯ ಲಕ್ಕಮ್ಮನಿಗಿತ್ತು. ಹೆಂಡತಿ ಹೇಳಿದಳೆಂದು ಕುಗ್ಗದೆ ಕೇಳಿಸಿಕೊಳ್ಳುವ ದೊಡ್ಡತನ ಮಾರಯ್ಯನಿಗಿತ್ತು. ಹೇಳುವವರ ಧೈರ್ಯ, ಕೇಳುವವರ ದೊಡ್ಡತನ ಎರಡೂ ಕೂಡಿದಲ್ಲಿಯೇ ದಾಂಪತ್ಯ ನಿಲ್ಲುತ್ತದೆ. ಅವರ ಹೆಸರನ್ನು ಭಕ್ತಿಯಿಂದ ನೆನೆಯುವ ಮನೆಗಳಲ್ಲಿ ಸೊಸೆಯ ಮಾತಿಗೆ ಬೆಲೆಯಿಲ್ಲವೆಂದರೆ ಆ ನೆನಕೆಗೆ ಅರ್ಥವೇನು?

ಇದು ಸಲ್ಲದ ಜಾಗ

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಗಂಡ ಕೈಮಾಡುವ ಮನೆಗೆ, ಹೆಂಡತಿ ಜೀವಭಯದಿಂದ ಬದುಕುವ ಮನೆಗೆ ಈ ಚಿಕಿತ್ಸೆ ಮೊದಲ ಮದ್ದಲ್ಲ. ಪೆಟ್ಟು ತಿನ್ನುವವಳನ್ನು ಪೆಟ್ಟು ಕೊಡುವವನ ಎದುರಿಗೆ ಕೂರಿಸಿ ಮನಸ್ಸು ಬಿಚ್ಚು ಎಂದರೆ, ಅಂದು ಆಡಿದ ಮಾತಿಗೆ ರಾತ್ರಿ ಮನೆಯಲ್ಲಿ ದಂಡ ತೆರಬೇಕಾದೀತು. “ಇಬ್ಬರೂ ತಿರುಗಿಸುವ ಕಲ್ಲು” ಎಂಬ ಮಾತನ್ನು ಹಿಂಸೆಗೆ ಎಂದೂ ಹಚ್ಚಕೂಡದು. ಹೊಡೆಯುವ ತಪ್ಪು ಹೊಡೆಯುವವನದೇ. ಅಲ್ಲಿ ಮೊದಲು ಬೇಕಾದದ್ದು ರಕ್ಷಣೆ. ಅದಕ್ಕಾಗಿ 2005ರ ಕೌಟುಂಬಿಕ ಹಿಂಸಾಚಾರ ತಡೆ ಕಾಯಿದೆಯಿದೆ, 181 ಎಂಬ ಮಹಿಳಾ ಸಹಾಯವಾಣಿಯಿದೆ, ತುರ್ತಿಗೆ 112 ಇದೆ. ಹಿರಿಯರು ಇಂಥ ಮನೆಗೆ “ಹೊಂದಿಕೊಂಡು ಹೋಗು” ಎಂದು ಮಗಳನ್ನು ಮರಳಿ ಕಳಿಸಿದರೆ, ಮುಂದಾಗುವ ಅನಾಹುತದಲ್ಲಿ ಅವರಿಗೂ ಪಾಲುಂಟು. ಕುಡಿತದ ಚಟ ಬಲಿತಿದ್ದರೆ ಅದರ ಚಿಕಿತ್ಸೆ ಮೊದಲು. ಹೊರಗಿನ ಸಂಬಂಧವೊಂದು ಇನ್ನೂ ನಡೆದಿದ್ದರೆ, ಅದು ನಿಲ್ಲದೆ ಈ ಕೆಲಸ ಸಾಗದು.

ಎಲ್ಲಿಗೆ ಹೋಗಬೇಕು, ಏನು ಮಾಡಬೇಕು

ನಮ್ಮ ಭಾಗದವರಿಗೆ ಧಾರವಾಡದ ಡಿಮ್ಹಾನ್ಸ್ ಹತ್ತಿರದ ದೊಡ್ಡ ಸರ್ಕಾರಿ ಸಂಸ್ಥೆ. ಮೊದಲ ಹೆಜ್ಜೆಗೆ ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗದಲ್ಲಿ ವಿಚಾರಿಸಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಗೆ ಕರೆ ಮಾಡಿದರೆ ಹಗಲಿರುಳೂ ಕನ್ನಡದಲ್ಲಿಯೇ ಮಾತಾಡಬಹುದು, ಹಣ ಕೊಡಬೇಕಾಗಿಲ್ಲ. ಆಪ್ತಸಲಹೆಗಾರರೆಲ್ಲರೂ ಈ ಪದ್ಧತಿಯಲ್ಲಿಯೇ ತರಬೇತಾದವರಲ್ಲ. ದಂಪತಿಗಳ ಚಿಕಿತ್ಸೆಯಲ್ಲಿ ತಮಗೆ ತರಬೇತಿಯಿದೆಯೇ ಎಂದು ಮೊದಲೇ ಕೇಳಿಕೊಳ್ಳುವುದರಲ್ಲಿ ತಪ್ಪಿಲ್ಲ. ಮನೋವೈದ್ಯರ ಬಳಿಗೆ ಹೋದರೆ ಹುಚ್ಚರೆಂದಾರು ಎಂಬ ಅಂಜಿಕೆ ಇನ್ನಾದರೂ ದೂರವಾಗಲಿ. ಸೊಂಟ ಹಿಡಿದಾಗ ವೈದ್ಯರ ಬಳಿಗೆ ಹೋಗುವ ನಾವು, ಸಂಸಾರ ಹಿಡಿದುಕೊಂಡಾಗ ಹೋಗಲು ನಾಚಬೇಕೇಕೆ?

ಮನೆಯಲ್ಲಿಯೇ ಮಾಡಬಹುದಾದದ್ದೂ ಉಂಟು. ಜಗಳದ ಕಾವಿನಲ್ಲಿ ಯಾರಿಗೂ ಜ್ಞಾನೋದಯವಾಗುವುದಿಲ್ಲ. “ಈಗ ಬ್ಯಾಡ, ಉಂಡ ಮ್ಯಾಲ ಕೂತು ಮಾತಾಡೂಣು” ಎಂದು ಹೇಳಿ ಎದ್ದರೆ ಅದು ವಿರಾಮ. ಏನೂ ಹೇಳದೆ ಎದ್ದುಹೋದರೆ ಅದು ಬಾಗಿಲು ಮುಚ್ಚಿದಂತೆ. ಹೇಳಿದ ಮೇಲೆ ಮರಳಿ ಬರಲೇಬೇಕು. ಮಾತಾಡುವಾಗ “ನೀವು ಹಿಂಗ, ನೀವು ಹಂಗ” ಎಂಬುದನ್ನು ಬಿಟ್ಟು “ನನಗ ಹಿಂಗಾತು” ಎಂದು ಆರಂಭಿಸಿ ನೋಡಬೇಕು. ಕೇಳುವವರು ಉತ್ತರ ಹುಡುಕುವ ಅವಸರ ಬಿಡಬೇಕು. ಎಷ್ಟೋ ಸಲ ಬೇಕಾದದ್ದು ಪರಿಹಾರವಲ್ಲ, ಪಕ್ಕದಲ್ಲಿ ಒಂದು ಗಳಿಗೆ ಕೂಡುವುದು.

ಹಿರಿಯರಲ್ಲಿಯೂ ಒಂದು ಬಿನ್ನಹ. ಮುಂದಿನ ಸಲ ಮಗ ಸೊಸೆ ನಿಮ್ಮೆದುರು ಬಂದಾಗ, ತಪ್ಪು ಯಾರದೆಂದು ಕೇಳುವ ಮೊದಲು ನೋವು ಏನೆಂದು ಕೇಳಿರಿ, ಇಬ್ಬರನ್ನೂ ಕೇಳಿರಿ. ವಾರದಲ್ಲಿ ಒಂದು ಸಂಜೆಯಾದರೂ ಅವರಿಬ್ಬರೇ ಹೊಲದ ಕಡೆಗೋ, ವರದೆಯ ದಂಡೆಗೋ ಹೋಗಿಬರಲಿ ಎಂದು ನೀವೇ ಕಳುಹಿಸಿರಿ. ಮೊಮ್ಮಕ್ಕಳನ್ನು ನೀವು ನೋಡಿಕೊಳ್ಳಿರಿ. ಹತ್ತು ಸಲ ಪಂಚಾಯಿತಿ ಕೂಡುವುದಕ್ಕಿಂತ ಇದು ಹೆಚ್ಚು ಕೆಲಸ ಮಾಡೀತು.

ಹೊಸರಿತ್ತಿ ಎಂದೊಡನೆ ನಾಡಿಗೆ ನೆನಪಾಗುವುದು 1943ರ ಏಪ್ರಿಲ್ 1. ಅಂದು ಮೋಟೆಬೆನ್ನೂರಿನ ಮೈಲಾರ ಮಹದೇವಪ್ಪನವರೂ ಅವರ ಸಂಗಾತಿಗಳಾದ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಅವರೂ ಈ ಮಣ್ಣಿನಲ್ಲಿ ಗುಂಡಿಗೆ ಎದೆಯೊಡ್ಡಿ ಹುತಾತ್ಮರಾದರು. ಮಹದೇವಪ್ಪನವರ ಪತ್ನಿ ಸಿದ್ದಮ್ಮನವರೂ ಸ್ವಾತಂತ್ರ್ಯ ಹೋರಾಟದಲ್ಲಿ ಪಾಲ್ಗೊಂಡವರು. ಅಂತಹ ಧೈರ್ಯ ಎಲ್ಲರಿಗೂ ಬಾರದು, ಎಲ್ಲ ಕಾಲಕ್ಕೂ ಬೇಕಾಗದು. ಆದರೆ ದಿನನಿತ್ಯದ ಸಂಸಾರಕ್ಕೆ ಬೇಕಾದ ಇನ್ನೊಂದು ಸಣ್ಣ ಧೈರ್ಯವಿದೆ. ಕಟ್ಟೆಯಿಂದ ಎದ್ದು ಒಳಗೆ ಬಂದು, “ಇವತ್ತು ನನಗ ಭಾಳ ಅಂಜಿಕಿ ಆಗಿತ್ತು” ಎಂದು ಹೆಂಡತಿಗೆ ಹೇಳುವ ಧೈರ್ಯ. ತಾಟನ್ನು ಕುಕ್ಕದೆ ಮೆಲ್ಲಗೆ ಇಟ್ಟು, “ನೀವು ಬರೂ ತನಕ ಬಾಗಲದಾಗ ನಿಂತಿದ್ದೆ” ಎಂದು ಗಂಡನಿಗೆ ಹೇಳುವ ಧೈರ್ಯ. ಅದು ನಮ್ಮ ಮನೆಮನೆಗಳಲ್ಲಿ ಮೂಡಲಿ. ಅಂಥ ಮನೆಯಲ್ಲಿ ಪುಸ್ತಕದ ಮರೆಯಲ್ಲಿ ಅಡಗಿದ ಮಕ್ಕಳು ತಲೆಯೆತ್ತಿ ನೋಡಿಯಾವು.